ಚೀಟಿಯ ಮಾತು ನಂಬಬಹುದೇ?



ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮಾರುಕಟ್ಟೆಯನ್ನು ನೀವು ನೋಡಿದ್ದೀರಿ. ವ್ಯಾಪಾರಿ ಒಂದು ಹಿಡಿ ಎತ್ತಿ, ಬಣ್ಣ ನೋಡಿ, ಒಡೆದು ಪರೀಕ್ಷಿಸಿದ ಮೇಲೆಯೇ ಚಾಲಿಗೆ, ಕೆಂಪುಗೋಟಿಗೆ ದರ ಬರೆಯುತ್ತಾನೆ. ವೇಪ್ ಎಂದು ಕರೆಯುವ ಇ-ಸಿಗರೇಟಿನ ದ್ರವವನ್ನು ಹೀಗೆ ಪರೀಕ್ಷಿಸಲಾಗದು.

ಚೀಟಿಯಲ್ಲಿ 'ಶೇಕಡಾ 2' ಎಂದಿದ್ದರೆ ಒಂದು ಮಿಲಿಲೀಟರಿಗೆ ಸುಮಾರು 20 ಮಿಲಿಗ್ರಾಂ ನಿಕೋಟಿನ್ ಎಂದರ್ಥ. 'ಶೇಕಡಾ 5' ಎಂದರೆ 50. ನಿಜವಾಗಿ ಎಷ್ಟಿದೆಯೆಂದು ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯದು, ಪ್ರಯೋಗಾಲಯವೇ ಹೇಳಬೇಕು. ಆಮ್ಲ ಬೆರೆಸಿ ಲವಣವಾಗಿಸಿದ ನಿಕೋಟಿನ್ ಗಂಟಲನ್ನು ಅಷ್ಟಾಗಿ ಕೆರೆಯುವುದಿಲ್ಲ. ಹೀಗಾಗಿ ಪ್ರಮಾಣ ಹೆಚ್ಚಿದರೂ ದೇಹ ಬೇಗ ಎಚ್ಚರಿಸದು. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 'ನಿಕೋಟಿನ್ ಇಲ್ಲ' ಎಂದು ಬರೆದಿದ್ದ ಕಾರ್ಟ್ರಿಜ್‌ಗಳನ್ನು ಪರೀಕ್ಷಿಸಿತು. ಒಂದನ್ನುಳಿದು ಎಲ್ಲದರಲ್ಲೂ ನಿಕೋಟಿನ್ ಸಿಕ್ಕಿತು!

ಇವುಗಳ ಮಾರಾಟವನ್ನು ಕರ್ನಾಟಕ ಸರ್ಕಾರ 2016ರಲ್ಲಿ, ಕೇಂದ್ರ ಸರ್ಕಾರ ಇಡೀ ದೇಶದಲ್ಲಿ 2019ರಲ್ಲಿ ನಿಷೇಧಿಸಿದೆ. ಆದ್ದರಿಂದ ಇಲ್ಲಿ ಮಾರಾಟವಾಗುವುದೆಲ್ಲ ಕಳ್ಳದಾರಿಯ ಮಾಲು. ಡಬ್ಬಿಯ ಮೇಲೆ ಹೆಸರಾಂತ ಕಂಪನಿಯ ಮುದ್ರೆಯಿದ್ದರೂ ಅದು ಅಸಲಿಯೋ ನಕಲಿಯೋ ಎಂದು ಪರಿಶೀಲಿಸುವವರಿಲ್ಲ, ಚೀಟಿಯ ಬರಹಕ್ಕೆ ಹೊಣೆಗಾರರೂ ಇಲ್ಲ. ಇನ್ನೂ ಬೆಳೆಯುತ್ತಿರುವ ನಿಮ್ಮ ಮಿದುಳಿಗೆ ನಿಕೋಟಿನ್ ಚಟ ಬಹುಬೇಗ ಅಂಟಿಕೊಳ್ಳುತ್ತದೆ.

ಗೆಳೆಯನೊಬ್ಬ, "ಇದು ಬರೀ ಹಣ್ಣಿನ ಪರಿಮಳ ಕಣೋ, ಏನೂ ಆಗಲ್ಲ" ಎಂದರೆ, "ಯಾರು ಅಳೆದು ನೋಡಿದ್ದಾರೆ?" ಎಂದು ಕೇಳಿ. ಈಗಾಗಲೇ ಚಟ ಹತ್ತಿದ್ದರೆ ನಾಚಿಕೆ ಬೇಡ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಕರೆ ಉಚಿತ.