ಪ್ರೌಢಶಾಲೆಯಲ್ಲಿ ನಾಯಕತ್ವದ ಪಾಠ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಹಬ್ಬದಾಗ ಸಾಲಿ ಹುಡುಗರ ಮಾತು ಯಾಕ ಅಂತ ಕೆಲವರು ಕೇಳಬಹುದು. ಕಾರಣ ಅದರಿ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಹಕಾರದ ಮೂಲ ತತ್ವ ಒಂದೇ: ಒಬ್ಬ ಸದಸ್ಯನಿಗೆ ಒಂದು ಮತ. ನೂರು ಷೇರು ಇದ್ದವನಿಗೂ ಒಂದು, ಒಂದೇ ಷೇರು ಇದ್ದವನಿಗೂ ಒಂದು. ಆ ಮತದ ಬೆಲೆ ತಿಳಿಯದ ಸದಸ್ಯರು, ವಾರ್ಷಿಕ ಸಭೆಗೆ ಬಂದು ಸಹಿ ಹಾಕಿ, ಲೆಕ್ಕ ಕೇಳದೆ ಎದ್ದು ಹೋಗುವ ಸದಸ್ಯರು ಹೆಚ್ಚಾದರೆ ಯಾವ ಸಂಘವೂ ಉಳಿಯುವುದಿಲ್ಲ. ಲೆಕ್ಕ ಕೇಳುವುದನ್ನು ಕಲಿಸಬೇಕಾದ ಜಾಗ ಪ್ರೌಢಶಾಲೆ.

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಂದರೆ ಹತ್ತನೆಯ ತರಗತಿ ಮುಗಿಸಿದ ಹುಡುಗ, ಹುಡುಗಿ ಎರಡು ಮೂರು ವರ್ಷದಾಗ ಮತದಾರರು. ಕಲಿಸಲಿಕ್ಕೆ ನಮಗೆ ಇರೋದು ಅಷ್ಟೇ ಹೊತ್ತು.

ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದ ಇತಿಹಾಸ ನೋಡ್ರಿ. 1938ರಲ್ಲಿ ವಿದ್ಯಾರ್ಥಿ ನಿಲಯಗಳಲ್ಲಿ ವಂದೇ ಮಾತರಂ ಹಾಡಬಾರದೆಂದು ತಡೆದಾಗ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಗ್ಗಟ್ಟಾಗಿ ಎದುರು ನಿಂತರು. ಅನೇಕರನ್ನು ಹೊರಹಾಕಲಾಯಿತು, ನಾಗಪುರ ವಿಶ್ವವಿದ್ಯಾಲಯ ಅವರಿಗೆ ಆಸರೆ ಕೊಟ್ಟಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಆ ಚಳವಳಿಯಲ್ಲಿದ್ದವರು. ಹರೆಯದವರಿಗೆ ಏನು ತಿಳೀತದ ಅಂತ ಹಗುರವಾಗಿ ಮಾತಾಡಬಾರದು.

ಈಗ ಅವಕಾಶಗಳು ಕಡಿಮೆ ಇಲ್ಲ. ಶಾಲಾ ಸಂಸತ್ತು ಇದೆ. ನಾಮಪತ್ರ, ಪ್ರಚಾರ, ಗುಪ್ತ ಮತದಾನ, ಎಣಿಕೆ ಎಲ್ಲವೂ ನಡೆಯುತ್ತದೆ. ಸ್ಕೌಟ್ಸ್ ಮತ್ತು ಗೈಡ್ಸ್ ಇದೆ. ಘಟಕ ಇರುವ ಶಾಲೆಗಳಲ್ಲಿ ಎನ್.ಸಿ.ಸಿ. ಇದೆ. ಗ್ರಾಮ ಪಂಚಾಯಿತಿಯವರು ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯ, ಕುಡಿಯುವ ನೀರು, ಬಸ್ಸಿನ ಸಮಸ್ಯೆ ಕುರಿತು ಮಕ್ಕಳೇ ಎದ್ದು ಕೇಳಬಹುದು.

ಆದರೆ ನಡೆಯುವುದೇನು? ಎಷ್ಟೋ ಕಡೆ ಪ್ರಥಮ ರ‍್ಯಾಂಕಿನ ಹುಡುಗ, ಇಲ್ಲವೆ ಊರ ದೊಡ್ಡವರ ಮಗ ನಾಯಕ. ಹುಡುಗಿ ಇದ್ದರೆ ಉಪನಾಯಕಿ. ಮಂತ್ರಿಗಳ ಹೆಸರು ಗೋಡೆ ಮೇಲೆ ಬರೆದು ಮುಗೀತು. ಆಮ್ಯಾಲ ಗಂಟೆ ಬಾರಿಸೋದು, ಗದ್ದಲ ಮಾಡಿದವರ ಹೆಸರು ಮಾಸ್ತರಿಗೆ ಬರೆದು ಕೊಡೋದು. ಇದು ನಾಯಕತ್ವ ಅಲ್ರಿ, ಚಾಡಿ ಹೇಳೋದು.

ಇನ್ನು ನಮ್ಮ ತಾಂಡಾಗಳ ಮಾತು. ಅವ್ವ ಅಪ್ಪ ದುಡಿಯಲಿಕ್ಕೆ ಮುಂಬಯಿ, ಪುಣೆ, ಹೈದರಾಬಾದಿಗೆ ಹೋದಾಗ ತಮ್ಮ ತಂಗಿಯರನ್ನು ಸಂಭಾಳಿಸಿ, ಮನೆ ನಡೆಸಿ ಸಾಲಿಗೆ ಬರುವ ಮಗಳು ದಿನಾಲೂ ನಾಯಕತ್ವ ಮಾಡ್ತಾಳ. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ತೆಲುಗು, ಉರ್ದು, ಸಾಲಿಯಲ್ಲಿ ಕನ್ನಡ ಆಡುವ ಮಕ್ಕಳು ನಾಲ್ಕು ಜನರನ್ನು ಕೂಡಿಸಬಲ್ಲರು. ಅಂಥವರು ಹಿಂದಿನ ಸಾಲಿನಲ್ಲೇ ಕೂತು ಸಾಲಿ ಬಿಟ್ಟರೆ ನಷ್ಟ ಯಾರಿಗೆ? ಊರಿಗೆ.

ಆದ್ದರಿಂದ ಮೂರು ವಿನಂತಿ. ಒಂದು, ಶಾಲಾ ಮಂತ್ರಿಗಳಿಗೆ ನಿಜವಾದ ಕೆಲಸ ಕೊಡಿ: ಬಿಸಿಯೂಟದ ಸ್ವಚ್ಛತೆ ನೋಡುವುದು, ಗ್ರಂಥಾಲಯದ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು, ಸತತ ಗೈರಾದ ಗೆಳೆಯರ ಮನೆಗೆ ಮಾಸ್ತರ ಜೊತೆ ಹೋಗಿ ಬರುವುದು. ತಿಂಗಳಿಗೊಮ್ಮೆ ಎಲ್ಲರ ಮುಂದೆ ವರದಿ ಒಪ್ಪಿಸಲಿ. ಎರಡು, ನಮ್ಮ ಸಂಘದ ನೆರವಿನಿಂದ ಶಾಲೆಯಲ್ಲಿ ಸಣ್ಣದೊಂದು ವಿದ್ಯಾರ್ಥಿ ಸಹಕಾರ ಭಂಡಾರ ಆಗಲಿ. ನೋಟುಬುಕ್ಕು, ಪೆನ್ನು ಮಾರಿ ಜಮಾ ಖರ್ಚು ಬರೆಯುವುದನ್ನು ಮಕ್ಕಳು ಕಲಿಯಲಿ. ಲೆಕ್ಕ ತಪ್ಪಿದರೆ ಗದರಿಸದೆ ತಿದ್ದೋಣ. ಮೂರು, ನಮ್ಮ ವಾರ್ಷಿಕ ಸಭೆಗೆ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕರೆದು ಕೂಡಿಸಿರಿ. ಮತ ಬ್ಯಾಡ, ನೋಡಲಿ. ಮಕ್ಕಳು ನೋಡ್ತಾರ ಅಂದ್ರ ನಾವೂ ನೆಟ್ಟಗೆ ಮಾತಾಡ್ತೀವಿ.

ಇಪ್ಪತ್ತೈದು ವರ್ಷ ಈ ಸಂಘವನ್ನು ಹಿರಿಯರು ನಡೆಸಿದ್ದಾರೆ. ಮುಂದಿನ ಇಪ್ಪತ್ತೈದು ವರ್ಷ ನಡೆಸುವವರು ಇಂದು ಎಂಟನೆಯ, ಒಂಬತ್ತನೆಯ ತರಗತಿಯಲ್ಲಿದ್ದಾರೆ. ಅವರಿಗೆ ಕಲಿಯುವ ಅವಕಾಶ ಕೊಡೋಣ ಎಂದು ಪ್ರಾರ್ಥಿಸಿ ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.