ಮೋಟಾರು ನಿಲ್ಲುವ ಬಗೆ



ಬೆಳಗಾವಿಯಿಂದ ಪುಣೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಕಿತ್ತೂರು ರಾಣಿ ಚೆನ್ನಮ್ಮನ ತವರೂರು ಕಾಕತಿ ಸಿಗುತ್ತದೆ. ಅದನ್ನು ದಾಟಿದರೆ ಹೊನಗಾ ಕೈಗಾರಿಕಾ ಪ್ರದೇಶ. ನಗರದ ಇನ್ನೊಂದು ಬದಿಗೆ, ಖಾನಾಪುರ ರಸ್ತೆಯಲ್ಲಿ, ಉದ್ಯಮಬಾಗ. ಎರಕದ ಕೆಲಸಕ್ಕೂ ಯಂತ್ರಭಾಗಗಳ ತಯಾರಿಕೆಗೂ ಬೆಳಗಾವಿ ಹೆಸರಾಗಿದೆ. ನಿಮ್ಮಲ್ಲಿ ಕೆಲವರಾದರೂ ಮುಂದೆ ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಇಂಥ ಕಾರ್ಖಾನೆಗಳ ಯಂತ್ರಗಳ ಮುಂದೆ ನಿಲ್ಲುವವರು. ಆದ್ದರಿಂದ ಒಂದು ಪ್ರಶ್ನೆ: ಕೆಂಪು ಗುಂಡಿ ಒತ್ತಿದ ಕೂಡಲೇ ಮೋಟಾರು ನಿಲ್ಲುತ್ತದೆಯೇ?

ಇಲ್ಲ. ವಿದ್ಯುತ್ ಕಡಿತವಾದಾಗ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಇಲ್ಲವಾಗುತ್ತದೆ. ತಿರುಗುವ ಭಾಗಗಳಲ್ಲಿರುವ ಚಲನಶಕ್ತಿ ಮಾತ್ರ ಉಳಿದೇ ಇರುತ್ತದೆ. ಮನೆಯ ಫ್ಯಾನು ಸ್ವಿಚ್ ಆರಿಸಿದ ಮೇಲೂ ಸುತ್ತುವುದು ಇದರಿಂದಲೇ. ವೇಗ ಎರಡು ಪಟ್ಟಾದರೆ ಈ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಒಂದು ಲೆಕ್ಕ ನೋಡೋಣ. ಯಂತ್ರವೊಂದರ ತಿರುಗುವ ಭಾಗಗಳ ಜಡತ್ವ 2 ಕಿಲೋಗ್ರಾಂ-ಚದರ ಮೀಟರ್, ವೇಗ ನಿಮಿಷಕ್ಕೆ 1440 ಸುತ್ತು ಎಂದಿಟ್ಟುಕೊಳ್ಳಿ. ಘರ್ಷಣೆಯನ್ನು ಬಿಟ್ಟರೆ, ಅದನ್ನು 10 ಸೆಕೆಂಡಿನಲ್ಲಿ ನಿಲ್ಲಿಸಲು ಸುಮಾರು 30 ನ್ಯೂಟನ್-ಮೀಟರ್ ಎದುರು ಟಾರ್ಕ್ ಬೇಕು. 2 ಸೆಕೆಂಡಿನಲ್ಲೇ ನಿಲ್ಲಬೇಕೆಂದರೆ ಸುಮಾರು 150 ಬೇಕು.

ಈ ಎದುರು ಟಾರ್ಕನ್ನು ಮೋಟಾರಿನಿಂದಲೇ ಪಡೆಯಬಹುದು. ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನವನ್ನೂ ವೋಲ್ಟೇಜನ್ನೂ ಬದಲಿಸುವ ಸಾಧನಕ್ಕೆ ಡ್ರೈವ್ ಎಂದು ಹೆಸರು. ಅದು ಆವರ್ತನವನ್ನು ಬೇಗಬೇಗ ಇಳಿಸಿದಾಗ ಮೋಟಾರು ಜನರೇಟರಿನಂತೆ ವರ್ತಿಸಿ, ಶಕ್ತಿಯನ್ನು ಡ್ರೈವಿಗೇ ಹಿಂತಿರುಗಿಸುತ್ತದೆ. 415 ವೋಲ್ಟ್ ಸರಬರಾಜಿನ ಡ್ರೈವಿನೊಳಗೆ ಸುಮಾರು 587 ವೋಲ್ಟ್ ಡಿ.ಸಿ. ಇರುತ್ತದೆ. ಮರಳಿದ ಶಕ್ತಿಗೆ ಬೇರೆ ದಾರಿಯಿಲ್ಲದಿದ್ದರೆ ಈ ವೋಲ್ಟೇಜು ಏರುತ್ತದೆ. ಡ್ರೈವ್ ತನ್ನ ರಕ್ಷಣೆಗಾಗಿ ಟ್ರಿಪ್ ಆಗುತ್ತದೆ. ಆಗ ಬೇಗ ನಿಲ್ಲಬೇಕಾಗಿದ್ದ ಯಂತ್ರವೇ ಹಿಡಿತವಿಲ್ಲದೆ ಸುತ್ತತೊಡಗುತ್ತದೆ! ಆದ್ದರಿಂದಲೇ ಬ್ರೇಕಿಂಗ್ ರೆಸಿಸ್ಟರನ್ನು ಜೋಡಿಸಿ ಆ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತಾರೆ.

ಎರಕದ ಕಾರ್ಖಾನೆಯ ಕ್ರೇನಿನ ಮಾತೇ ಬೇರೆ. ಕರಗಿದ ಕಬ್ಬಿಣದ ಪಾತ್ರೆ ಮೇಲೆ ತೂಗುತ್ತಿರುವಾಗ ವೇಗ ಸೊನ್ನೆಯಾದರೂ ಹಿಡಿದಿಡುವ ಬಲ ಸೊನ್ನೆಯಾಗಕೂಡದು. ಅದಕ್ಕಾಗಿ ಸ್ಪ್ರಿಂಗ್ ಬ್ರೇಕು ಇರುತ್ತದೆ. ವಿದ್ಯುತ್ ಇದ್ದಾಗ ಅದು ಬಿಡುತ್ತದೆ, ವಿದ್ಯುತ್ ಹೋದಾಗ ಸ್ಪ್ರಿಂಗಿನ ಬಲದಿಂದ ತಾನಾಗಿ ಕಚ್ಚುತ್ತದೆ. ಎತ್ತುವಾಗ ಮೊದಲು ಟಾರ್ಕ್ ಬಂದು ಆಮೇಲೆ ಬ್ರೇಕು ಬಿಡಬೇಕು. ನಿಲ್ಲಿಸುವಾಗ ಬ್ರೇಕು ಕಚ್ಚಿದ ಮೇಲಷ್ಟೇ ಟಾರ್ಕ್ ಹೋಗಬೇಕು. ಈ ಕ್ರಮ ತಪ್ಪಿದರೆ ಭಾರ ಕೆಳಗೆ ಜಾರುತ್ತದೆ.

ತುರ್ತು ನಿಲುಗಡೆಯಲ್ಲೂ ಎರಡು ಬಗೆಗಳಿವೆ. ಒಂದರಲ್ಲಿ ವಿದ್ಯುತ್ತನ್ನು ಆ ಕ್ಷಣವೇ ಕಡಿಯುತ್ತಾರೆ. ಇನ್ನೊಂದರಲ್ಲಿ ಡ್ರೈವಿನಿಂದ ಯಂತ್ರವನ್ನು ಹಿಡಿತದಲ್ಲಿಟ್ಟು ನಿಲ್ಲಿಸಿ, ಆಮೇಲೆ ಕಡಿಯುತ್ತಾರೆ. ಯಾವುದು ಸರಿ ಎಂಬುದನ್ನು ಆ ಯಂತ್ರದ ಅಪಾಯವನ್ನು ನೋಡಿಯೇ ತೀರ್ಮಾನಿಸಬೇಕು.

ಮುಂದೆ ಕಾರ್ಖಾನೆಯನ್ನು ನೋಡಲು ಹೋದಾಗ ಅಲ್ಲಿನವರನ್ನು ಮೂರು ಮಾತು ಕೇಳಿ. ಈ ಯಂತ್ರ ನಿಲ್ಲಲು ಎಷ್ಟು ಸೆಕೆಂಡು ಬೇಕು? ಅದರ ಶಕ್ತಿ ಎಲ್ಲಿಗೆ ಹೋಗುತ್ತದೆ? ನಿಂತ ಮೇಲೆ ಭಾರವನ್ನು ಹಿಡಿಯುವುದು ಯಾವುದು? ಗುಂಡಿ ಒತ್ತಿದ್ದಾಯಿತೆಂದು ಮಾತ್ರ ಒಳಗೆ ಕೈ ಹಾಕಬೇಡಿ. ಯಂತ್ರ ಪೂರ್ತಿ ನಿಂತಿದೆಯೇ ಎಂದು ಮೊದಲು ಕಣ್ಣಾರೆ ನೋಡಿಕೊಳ್ಳಿ.