ಲೆನ್ಸ್ ಡಬ್ಬಿ, ನಲ್ಲಿ ನೀರು ಮತ್ತು ವೈರಸ್‌ಗೆ ಬರುವ ವೈರಸ್

ಇವತ್ತಿನ ಮಾತು ಒಂದು ಕೆಂಪು ಕಣ್ಣಿನಿಂದ ಶುರುವಾಗುತ್ತೆ.

ಹೋದ ಮಳೆಗಾಲದಲ್ಲಿ ನನ್ನ ಹೆಂಡತಿಯ ಬಲಗಣ್ಣು ಕೆಂಪಗಾಯ್ತು. ವಿಪರೀತ ನೋವು, ಬೆಳಕು ಕಂಡರಾಗದು. ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆ. ಹತ್ತಿರದ ಕಣ್ಣಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಲೆನ್ಸ್ ಡಬ್ಬಿಯನ್ನು ನಲ್ಲಿ ನೀರಲ್ಲಿ ತೊಳೀತೀರಾ?" ಅವಳು ನನ್ನ ಕಡೆ ನೋಡಿದಳು. ಸೊಲ್ಯೂಶನ್ ಮುಗಿದಿದ್ದ ದಿನ "ಕಾರ್ಪೊರೇಷನ್ ನೀರು, ಕ್ಲೋರಿನ್ ಹಾಕಿರ್ತಾರೆ, ಏನಾಗಲ್ಲ" ಅಂದಿದ್ದು ನಾನೇ. ಪುಣ್ಯಕ್ಕೆ ಅದು ಸಾಮಾನ್ಯ ಸೋಂಕು, ವಾಸಿಯಾಯ್ತು. ಆದರೆ ರಿಪೋರ್ಟ್ ಬರೋವರೆಗೆ ಡಾಕ್ಟರ್ ಹೇಳಿದ ಒಂದು ಹೆಸರು ನನ್ನನ್ನು ಮಲಗೋಕೆ ಬಿಡಲಿಲ್ಲ: ಅಕಾಂತಮೀಬಾ.

ಇದು ಮಣ್ಣು, ನೀರು ಎಲ್ಲ ಕಡೆ ಇರುವ ಏಕಕೋಶ ಜೀವಿ. ಕಷ್ಟಕಾಲ ಬಂದರೆ ಗಟ್ಟಿ ಕೋಶ ಕಟ್ಟಿಕೊಂಡು ಮಲಗಿಬಿಡುತ್ತೆ. ಆಗ ನಲ್ಲಿ ನೀರಿನ ಕ್ಲೋರಿನ್ ಅದಕ್ಕೆ ಲೆಕ್ಕಕ್ಕಿಲ್ಲ. ಲೆನ್ಸ್ ಮೂಲಕ ಕಣ್ಣಿಗೆ ಹೊಕ್ಕರೆ ಕಾರ್ನಿಯಾ ಹಾಳಾಗಬಹುದು, ದೃಷ್ಟಿಯೇ ಹೋಗಬಹುದು. ನಾನು ಕೆಲಸ ಮಾಡೋದು ಐರೋಲಿಯಲ್ಲಿ. ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿಯೋ ಹೊತ್ತಿನಲ್ಲಿ ಮೊಬೈಲಲ್ಲಿ ಇದನ್ನೇ ಓದುತ್ತಾ ಹೋದೆ. ಹಾಗೆ ಸಿಕ್ಕಿದ್ದು ಪವಾಯಿಯ ಐಐಟಿ ಬಾಂಬೆಯ ಒಂದು ಪ್ರಬಂಧ.

ಕಿರಣ್ ಕೊಂಡಬಾಗಿಲ್ ಅವರ ತಂಡ 2019ರಲ್ಲಿ ಪ್ರಕಟಿಸಿದ್ದು. ಮುಂಬೈನ ಚರಂಡಿ, ಕೆರೆ, ಕೊಳಚೆ ಶುದ್ಧೀಕರಣ ಘಟಕ ಮುಂತಾದ ಕಡೆಗಳಿಂದ 20 ಮಾದರಿ ತಂದು ಅಕಾಂತಮೀಬಾ ಜೊತೆ ಬೆಳೆಸಿದ್ದಾರೆ. ಇಪ್ಪತ್ತಕ್ಕೆ ಇಪ್ಪತ್ತರಲ್ಲೂ ದೈತ್ಯ ವೈರಸ್‌ಗಳು! ಅಮೀಬಾಗೆ ಸೋಂಕು ತರುವ ವೈರಸ್‌ಗಳು. ಹೆಸರು ಕೇಳಿ: ಮಿಮಿವೈರಸ್ ಬಾಂಬೆ, ಪವಾಯಿ ಲೇಕ್ ಮೆಗಾವೈರಸ್, ಬಾಂದ್ರಾ ಮೆಗಾವೈರಸ್, ಕುರ್ಲಾವೈರಸ್. ಲೋಕಲ್ ಟ್ರೇನಿನ ಅನೌನ್ಸ್‌ಮೆಂಟ್ ಥರ ಇದೆ ಅಲ್ವಾ?

ನನ್ನನ್ನು ನಿಲ್ಲಿಸಿದ್ದು ಬೇರೆ ಸಾಲು. ಒಂದು ಮನೆಯ ವಾಟರ್ ಪ್ಯೂರಿಫೈಯರ್‌ನ ಪ್ರಿ-ಫಿಲ್ಟರ್‌ನಲ್ಲೂ ಇಂಥ ವೈರಸ್‌ಗಳ ಡಿಎನ್‌ಎ ಗುರುತು ಸಿಕ್ಕಿತ್ತು. ಅಮೀಬಾದವು ಮಾತ್ರವಲ್ಲ, ಪಾಚಿಗೆ ತಗಲುವ ವೈರಸ್‌ಗಳದ್ದೂ. ಮುಂಬೈಗೆ ನೀರು ಕೊಡುವ ಭಾತ್ಸಾ, ತಾನ್ಸಾ ಎರಡೂ ನಮ್ಮ ಠಾಣೆ ಜಿಲ್ಲೆಯವೇ. ನಮಗೆ ಉಲ್ಹಾಸ್ ನದಿ ನೀರು, ನವಿ ಮುಂಬೈಯವರಿಗೆ ಮೋರ್ಬೆ ಅಣೆಕಟ್ಟಿನದು. ಹೊಳೆ ಬೇರೆ ಇರಬಹುದು, ಅಮೀಬಾ ಇಲ್ಲದ ಹೊಳೆ ಯಾವುದಿದೆ?

ಗದಗಿನಿಂದ ಬಂದಿದ್ದ ನಮ್ಮವ್ವ, ಸರ್ವಿಸ್ ಹುಡುಗ ಹೊರತೆಗೆದ ಕಂದು ಫಿಲ್ಟರ್ ನೋಡಿ "ಇಂಥಾ ನೀರು ಕುಡೀತೀರೇನ್ರೋ ನೀವು?" ಅಂದಿದ್ದಳು. ಈ ವೈರಸ್ ಸುದ್ದಿ ಅವಳಿಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ.

ದೈತ್ಯ ಅಂದ್ರೆ ಎಷ್ಟು? ಕೋವಿಡ್ ವೈರಸ್‌ನ ಜೀನೋಮ್ ಸುಮಾರು 30,000 ಅಕ್ಷರ ಅಂದುಕೊಳ್ಳಿ. ಮಿಮಿವೈರಸ್‌ನದು ಸುಮಾರು 11.8 ಲಕ್ಷ. ಮೈಮೇಲಿನ ನಾರು ಸೇರಿಸಿದರೆ ಮುಕ್ಕಾಲು ಮೈಕ್ರಾನ್ ಗಾತ್ರ. ಸಾಮಾನ್ಯ ಮೈಕ್ರೋಸ್ಕೋಪಲ್ಲೇ ಕಾಣುತ್ತೆ. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಕೂಲಿಂಗ್ ಟವರ್ ನೀರಲ್ಲಿ ಸಿಕ್ಕಾಗ ಇದನ್ನು ಬ್ಯಾಕ್ಟೀರಿಯಾ ಅಂದುಕೊಂಡು 'ಬ್ರಾಡ್‌ಫರ್ಡ್‌ಕಾಕಸ್' ಅಂತ ಹೆಸರಿಟ್ಟಿದ್ದರು. ವೈರಸ್ ಅಂತ ಗೊತ್ತಾಗಿ ಪ್ರಕಟವಾಗಿದ್ದು 2003ರಲ್ಲಿ, ಫ್ರಾನ್ಸಿನ ಮಾರ್ಸೇಲ್ ತಂಡದಿಂದ. ಅಷ್ಟು ದಿನ ಯಾಕೆ ಕಾಣಲಿಲ್ಲ? ವೈರಸ್ ಹುಡುಕುವವರು ಮೊದಲು ನೀರನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತಿದ್ದರು; ಕೆಳಗೆ ಇಳಿದದ್ದಷ್ಟೇ ವೈರಸ್. ದೈತ್ಯರು ಮೇಲೆ ಕಸದ ಜೊತೆ ಉಳಿದುಬಿಡುತ್ತಿದ್ದರು. ನಾವು ಲಾಗ್‌ಗೆ ಫಿಲ್ಟರ್ ಹಾಕಿ, ಆಮೇಲೆ "ಎರರ್ ಏನೂ ಇಲ್ಲ" ಅಂತ ಮೇಲ್ ಕಳಿಸ್ತೀವಲ್ಲ, ಹಾಗೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 2008ರಲ್ಲಿ ಅದೇ ಮಾರ್ಸೇಲ್ ತಂಡಕ್ಕೆ, ಪ್ಯಾರಿಸ್‌ನ ಕೂಲಿಂಗ್ ಟವರ್‌ನ ಒಂದು ದೈತ್ಯ ವೈರಸ್ ಜೊತೆಗೆ ಇನ್ನೊಂದು ಪುಟಾಣಿ ವೈರಸ್ ಸಿಕ್ಕಿತು. ಸುಮಾರು 50 ನ್ಯಾನೋಮೀಟರ್, 21 ಜೀನ್. ಹೆಸರು ಸ್ಪುಟ್ನಿಕ್. ಇದು ಒಂಟಿಯಾಗಿ ಅಮೀಬಾದೊಳಗೆ ಬೆಳೆಯಲಾರದು. ದೈತ್ಯ ವೈರಸ್ ಅಮೀಬಾದೊಳಗೆ ತನ್ನ ಕಾರ್ಖಾನೆ ಕಟ್ಟುತ್ತಲ್ಲ, ಸ್ಪುಟ್ನಿಕ್ ಆ ಕಾರ್ಖಾನೆಗೆ ನುಗ್ಗಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತೆ. ದೈತ್ಯನ ಮರಿಗಳು ಸುಮಾರು ಶೇ. 70ರಷ್ಟು ಕಡಿಮೆಯಾದವು, ಹುಟ್ಟಿದ್ದರಲ್ಲೂ ಕೆಲವು ವಿಕಾರ. ವೈರಸ್‌ಗೇ ಕಾಯಿಲೆ! ಇಂಥವನ್ನು ವೈರೊಫೇಜ್ ಅಂತಾರೆ.

ಮಾವೈರಸ್ ಅನ್ನೋ ಇನ್ನೊಂದು ವೈರೊಫೇಜ್ ಇದೆ, ಸಮುದ್ರದ ಏಕಕೋಶ ಜೀವಿಯೊಂದರಲ್ಲಿ. 2016ರ ಪ್ರಯೋಗದ ಪ್ರಕಾರ ಅದು ಆ ಜೀವಿಯ ಡಿಎನ್‌ಎಯಲ್ಲೇ ಸೇರಿಕೊಂಡು ಸುಮ್ಮನಿರುತ್ತೆ. ದೈತ್ಯ ವೈರಸ್ ದಾಳಿ ಮಾಡಿದಾಗ ಎದ್ದೇಳುತ್ತೆ. ಆ ಕೋಶವೇನೂ ಉಳಿಯಲ್ಲ, ಸಾಯುತ್ತೆ. ಆದರೆ ಅದರಿಂದ ಹೊರಬಿದ್ದ ಮಾವೈರಸ್‌ಗಳು ಅಕ್ಕಪಕ್ಕದ ಕೋಶಗಳನ್ನು ಕಾಯುತ್ತವೆ. ಅಂಟಾರ್ಕ್ಟಿಕಾದ ಆರ್ಗ್ಯಾನಿಕ್ ಲೇಕ್‌ನಲ್ಲಿ ಪಾಚಿಯ ವೈರಸ್‌ಗಳಿಗೂ ಹೀಗೇ ವೈರೊಫೇಜ್ ಇದೆ ಅಂತ 2011ರಲ್ಲಿ ಗೊತ್ತಾಗಿದೆ.

ಮತ್ತೆ ಲೆನ್ಸ್ ಡಬ್ಬಿಗೆ ಬರೋಣ. ಫ್ರಾನ್ಸಿನಲ್ಲಿ 17 ವರ್ಷದ ಹುಡುಗಿಯೊಬ್ಬಳಿಗೆ ಕಾರ್ನಿಯಾ ಸೋಂಕಾಗಿತ್ತು. ಅವಳ ಲೆನ್ಸ್ ದ್ರಾವಣ ಪರೀಕ್ಷಿಸಿದರೆ ಅದರಲ್ಲಿ ಅಮೀಬಾ, ಅಮೀಬಾದೊಳಗೆ ದೈತ್ಯ ವೈರಸ್, ಅದರ ಜೀನೋಮಿನಲ್ಲಿ ಸೇರಿಕೊಂಡ ಸ್ಪುಟ್ನಿಕ್ 2, ಜೊತೆಗೆ ಟ್ರಾನ್ಸ್‌ಪೊವಿರಾನ್ ಅನ್ನೋ ಅಲೆಮಾರಿ ಡಿಎನ್‌ಎ ತುಣುಕು. ಇಷ್ಟೆಲ್ಲ ಒಂದು ಪುಟ್ಟ ಡಬ್ಬಿಯಲ್ಲಿ! ವೈರಸ್‌ಗೆ ಲಾಂತಿ ಅಂತ ಹೆಸರಿಟ್ಟರು. ಫ್ರೆಂಚಿನಲ್ಲಿ ಲೆನ್ಸ್‌ಗೆ ಇರುವ ಪದದಿಂದ. ಇದನ್ನು ಓದಿದ ದಿನ ಐರೋಲಿ ಸ್ಟೇಷನ್ ದಾಟಿ ರಬಾಳೆಗೆ ಹೋಗಿಬಿಟ್ಟಿದ್ದೆ.

ಹಾಗಾದ್ರೆ ಹೆದರಬೇಕಾ? ಕೆಲವು ನ್ಯುಮೋನಿಯಾ ರೋಗಿಗಳಲ್ಲಿ ಮಿಮಿವೈರಸ್‌ನ ಗುರುತು ಸಿಕ್ಕಿದ್ದುಂಟು, ಆದರೆ ಅದರಿಂದಲೇ ಕಾಯಿಲೆ ಬಂತು ಅನ್ನೋದು ಸಾಬೀತಾಗಿಲ್ಲ. ಆರ್‌ಓ ಪೊರೆಯ ರಂಧ್ರಗಳ ಮುಂದಂತೂ ಇವು ಆನೆಗಳೇ. ಹಾಗಾಗಿ ಈ ವೈರಸ್ ಹೆಸರು ಹೇಳಿ ಯಾರಾದರೂ ನಿಮಗೆ ಹೊಸ ಪ್ಯೂರಿಫೈಯರ್ ಮಾರೋಕೆ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಕುಡಿಯೋ ನೀರಿನ ವಿಷಯ ಅಷ್ಟೇ. ಲೆನ್ಸ್ ವಿಷಯ ಬೇರೆ. ನಲ್ಲಿ ನೀರು, ಬಿಸ್ಲೆರಿ, ಆರ್‌ಓ ನೀರು ಯಾವುದೂ ಬೇಡ, ಸೊಲ್ಯೂಶನ್ ಮಾತ್ರ. ಸ್ನಾನಕ್ಕೆ ಹೋಗೋ ಮುಂಚೆ ಲೆನ್ಸ್ ತೆಗೆದಿಡಿ.

ನಮ್ಮನೇಲಿ ಈಗ ಸೊಲ್ಯೂಶನ್ ಬಾಟಲಿ ಯಾವಾಗಲೂ ಎರಡು ಇರುತ್ತೆ. ಎರಡನೆಯದನ್ನು ತರೋ ಜವಾಬ್ದಾರಿ ನನ್ನದು.